ಆ ಹೊತ್ತಿಗೆ ಆ ಹೊತ್ತಿನ ಮನ್ನ

ನಮ್ಮ ಮನೆಯವರಿಗೆ ಬಾಯಾರಿದಾಗ ‘ನೀರು’ ಎಂದು ಕೇಳಲು ಬರುವುದಿಲ್ಲ. ಮೂರು ವರ್ಷಗಳ ಹಿಂದೆ ಒಂದು ಬೆಳಗಿನ ಜಾವ ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವ ನಾಳ ಕಟ್ಟಿಕೊಂಡು ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲುಗಳ ಜೊತೆಗೆ ಮಾತೂ ಹೋಯಿತು. ಎದುರಿಗಿರುವ ಲೋಟವನ್ನು ಅವರು ಬಲ್ಲರು, ಅದರೊಳಗೆ ಏನಿದೆ ಎಂಬುದನ್ನು ಬಲ್ಲರು, ಅದು ತಮಗೆ ಬೇಕೆಂಬುದನ್ನೂ ಬಲ್ಲರು. ಆ ಎರಡಕ್ಷರ ಮಾತ್ರ ನಾಲಿಗೆಯ ತುದಿಯ ತನಕ ಬಂದು ಹಿಂದಕ್ಕೆ ಹೋಗಿಬಿಡುತ್ತದೆ. ಆದರೆ ಬೆಳಿಗ್ಗೆ ಐದೂವರೆಗೆ ನಾನು ಅವರ ಮಂಚದ ಪಕ್ಕದಲ್ಲಿ ಕುಳಿತು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಆರಂಭಿಸಿದರೆ, ಅಲ್ಲಿಂದ ‘ಆಮೆನ್’ ವರೆಗೆ ಒಂದು ಪದವನ್ನೂ ಬಿಡದೆ ಅವರು ನನ್ನೊಡನೆ ಹೇಳುತ್ತಾರೆ.

ಇದರಲ್ಲಿ ಪವಾಡವೇನೂ ಇಲ್ಲ ಎಂದು ನರರೋಗದ ವೈದ್ಯರು ಮೊದಲೇ ತಿಳಿಸಿದ್ದರು. ಹೊಸದಾಗಿ ವಾಕ್ಯ ಕಟ್ಟಿ ಆಡುವ ಮಾತು ಬೇರೆ, ಚಿಕ್ಕಂದಿನಿಂದ ಬಾಯಿಪಾಠವಾಗಿ ನಾಲಿಗೆಗೆ ಹತ್ತಿಕೊಂಡ ಮಾತು ಬೇರೆ. ಎಡಮೆದುಳಿಗೆ ಪೆಟ್ಟಾಗಿ ಮಾತು ಕಳೆದುಕೊಂಡ ಅನೇಕರಲ್ಲಿ ಎಣಿಕೆ, ಪ್ರಾರ್ಥನೆ, ಹಾಡುಗಳು ಉಳಿದುಕೊಂಡಿರುತ್ತವೆ, ಮತ್ತು ಈ ಸಂಗತಿಯನ್ನೇ ಆಧಾರವಾಗಿಟ್ಟುಕೊಂಡು 1970ರ ದಶಕದಲ್ಲಿ ಅಮೆರಿಕದ ತಜ್ಞರು ರಾಗದ ಮೂಲಕ ಮಾತನ್ನು ಮರಳಿ ಕಲಿಸುವ ಚಿಕಿತ್ಸೆಯೊಂದನ್ನು ರೂಪಿಸಿದರು. ಇವರು ಮೂವತ್ತು ವರ್ಷ ನಮ್ಮ ಸಭೆಯ ಕೊಯರ್‌ನಲ್ಲಿ ಹಾಡಿದವರು. 1837ರಲ್ಲಿ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದಾಗ ತಮ್ಮೊಂದಿಗೆ ಹೊತ್ತು ತಂದ ಜರ್ಮನ್ ರಾಗಗಳಿಗೆ ಕನ್ನಡದ ಮಾತು ಕೂಡಿ ಆದ ಹಾಡುಗಳು ಅವರ ತಂದೆಯ ಬಾಯಲ್ಲೂ ಅಜ್ಜನ ಬಾಯಲ್ಲೂ ಇದ್ದವು. ಬಲಗೈ ಮರೆತದ್ದನ್ನು ಗಂಟಲು ಮರೆತಿಲ್ಲ. ನೋಡಲು ಬಂದವರು ಇದನ್ನು ಕಂಡು ಕಣ್ಣೊರೆಸಿಕೊಂಡು ‘ಎಂಥಾ ಸಾಕ್ಷಿ’ ಎನ್ನುತ್ತಾರೆ. ನನ್ನನ್ನು ಕೇಳಿದರೆ, ಒಂದು ಪೂರ್ತಿ ಸ್ತುತಿಗೀತೆಯನ್ನು ಕೊಟ್ಟು ‘ನೀರು’ ಎಂಬ ಒಂದು ಪದವನ್ನು ವಾಪಸು ತೆಗೆದುಕೊಳ್ಳಲು ನಾನು ಎಂದೋ ಸಿದ್ಧಳಿದ್ದೆ.

ಇಷ್ಟನ್ನು ಮೊದಲಿಗೆ ಹೇಳಿಕೊಳ್ಳುವುದಕ್ಕೆ ಕಾರಣವಿದೆ. ‘ಪಾಸಿಟಿವ್ ಆಗಿರಿ’ ಎಂಬ ಮಾತನ್ನು ಈ ಮೂರು ವರ್ಷಗಳಲ್ಲಿ ನಾನು ಕೇಳಿದಷ್ಟು ಬೇರಾವ ಮಾತನ್ನೂ ಕೇಳಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿದ್ದೇನೆ, ಚರ್ಚಿನ ಮೆಟ್ಟಿಲ ಮೇಲೆ ಕೇಳಿದ್ದೇನೆ, ಬೆಳಗಾದರೆ ಸೂರ್ಯೋದಯದ ಚಿತ್ರದ ಮೇಲೆ ವಚನವೊಂದನ್ನು ಅಂಟಿಸಿ ವಾಟ್ಸಾಪಿನಲ್ಲಿ ಬಂದು ಬೀಳುವ ಸಂದೇಶಗಳಲ್ಲಿ ಓದಿದ್ದೇನೆ; ಮುಚ್ಚಿಡುವುದೇಕೆ, ಮೊದಲ ವರ್ಷ ಅಂಥವನ್ನು ನಾನೂ ಹತ್ತಾರು ಜನರಿಗೆ ಕಳುಹಿಸಿದ್ದೇನೆ. ಪ್ರಾರ್ಥನೆಗೆಂದು ಮನೆಗೆ ಬಂದ ಒಬ್ಬರು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, “ಅಕ್ಕಾರ, ನಿಮ್ಮ ನಂಬಿಕಿ ಗಟ್ಟಿ ಇದ್ರ ಕ್ರಿಸ್‌ಮಸ್ಸಿಗೆ ಸರ್ ಎದ್ದು ನಡೀತಾರ ನೋಡ್ರಿ” ಎಂದಿದ್ದರು. ಯಾವ ವರ್ಷದ ಕ್ರಿಸ್‌ಮಸ್ ಎಂದು ಅವರು ಹೇಳಿರಲಿಲ್ಲವಾದ್ದರಿಂದ ಅವರ ಮಾತಿನಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಆ ಮಾತಿನ ಭಾರ ಯಾರ ಹೆಗಲ ಮೇಲೆ ಬಿತ್ತು ಎಂಬುದು ನನಗೆ ಗೊತ್ತು: ಅವರು ನಡೆಯದಿದ್ದರೆ ಅದು ನನ್ನ ನಂಬಿಕೆಯ ಕೊರತೆ ಎಂದಾಯಿತಲ್ಲ!

ನಾನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಕೈಯಲ್ಲಿ ಲೆಕ್ಕವಿದ್ದರೆ ಮನಸ್ಸಿಗೆ ಧೈರ್ಯವಿರುತ್ತದೆ ಎಂಬುದು ನನ್ನ ಹಳೆಯ ಅಭ್ಯಾಸ. ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಚೌಕುಳಿ ಗೆರೆಗಳ ಒಂದು ನೋಟುಪುಸ್ತಕ ತಂದು, ಅಡ್ಡಗೆರೆಯ ಮೇಲೆ ದಿನಾಂಕ, ಉದ್ದಗೆರೆಯ ಮೇಲೆ ವಾಕರ್ ಹಿಡಿದು ಅವರು ಇಟ್ಟ ಹೆಜ್ಜೆಗಳ ಸಂಖ್ಯೆ ಎಂದು ನಕ್ಷೆ ಬರೆಯತೊಡಗಿದೆ. ಎರಡು, ನಾಲ್ಕು, ಏಳು, ಹನ್ನೊಂದು. ಗೆರೆ ಮೇಲೇರುತ್ತಿದ್ದ ತಿಂಗಳುಗಳಲ್ಲಿ ನನ್ನಷ್ಟು ‘ಪಾಸಿಟಿವ್’ ಆದ ಹೆಂಗಸು ಧಾರವಾಡದಲ್ಲಿಯೇ ಇರಲಿಲ್ಲ. ಭಾನುವಾರ ಚರ್ಚಿನಲ್ಲಿ ಕಂಡವರಿಗೆಲ್ಲ ಅಂಕಿ ಹೇಳುತ್ತಿದ್ದೆ. ಎಂಟನೆಯ ತಿಂಗಳಿಗೆ ಗೆರೆ ಮಲಗಿತು. ಹದಿನಾರು, ಹದಿನೈದು, ಹದಿನಾರು, ಹನ್ನೆರಡು, ಹದಿನಾಲ್ಕು. ಮೊದಲ ಕೆಲವು ತಿಂಗಳ ಸುಧಾರಣೆ ವೇಗವಾಗಿದ್ದು ಆಮೇಲೆ ನಿಧಾನವಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯವೆಂದು ಫಿಸಿಯೋಥೆರಪಿಯ ಹುಡುಗ ತಿಳಿಹೇಳಿದ. ನನಗದು ಕೇಳಿಸಲಿಲ್ಲ. ದಿನವೂ ಬೆಳಿಗ್ಗೆ ಎದ್ದ ಕೂಡಲೇ ನೆನ್ನೆಯ ಅಂಕಿಯನ್ನು ನೋಡಿ, ಮೊನ್ನೆಯದರಿಂದ ಕಳೆದು, ಬಂದ ಶೇಷವನ್ನು ಇಡೀ ದಿನ ಮುಖದ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದೆ. ಇವರು ಆ ಮುಖವನ್ನು ಓದುತ್ತಿದ್ದರು. ಮಾತು ಹೋದವರಿಗೆ ಎದುರಿನವರ ಮುಖವೇ ದಿನಪತ್ರಿಕೆ.

ನಮ್ಮ ಮನೆಯಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆಗೆ ಸತ್ಯವೇದವನ್ನು ಆದಿಯಿಂದ ಅಂತ್ಯದವರೆಗೆ ಅಧ್ಯಾಯಕ್ಕೊಂದು ದಿನದಂತೆ ಓದುವ ಪದ್ಧತಿ ಅತ್ತೆಯವರ ಕಾಲದಿಂದ ಇದೆ. ಆ ಮಳೆಗಾಲದಲ್ಲಿ ಪಾಳಿಯ ಪ್ರಕಾರ ವಿಮೋಚನಕಾಂಡದ 16ನೆಯ ಅಧ್ಯಾಯ ಬಂತು. ಸಂಡೇ ಸ್ಕೂಲಿನ ಮಕ್ಕಳಿಗೆ ನಾನೇ ಎಷ್ಟೋ ಸಲ ಬಣ್ಣದ ಚಿತ್ರ ತೋರಿಸಿ ಹೇಳಿದ ಕಥೆ. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರು ಅರಣ್ಯದಲ್ಲಿ ಹಸಿವೆಂದು ಗೊಣಗುತ್ತಾರೆ. ಬೆಳಿಗ್ಗೆ ಮಂಜು ಆರಿದ ಮೇಲೆ ನೆಲದ ಮೇಲೆ ಸಣ್ಣಸಣ್ಣ ರವೆಯಂಥದ್ದು ಬಿದ್ದಿರುತ್ತದೆ. ಇದೇನು ಎಂದು ಒಬ್ಬರನ್ನೊಬ್ಬರು ಕೇಳಿದ ಪ್ರಶ್ನೆಯೇ ಅದಕ್ಕೆ ‘ಮನ್ನ’ ಎಂಬ ಹೆಸರಾಗುತ್ತದೆ. ತಲೆಗೆ ಒಂದು ಓಮೆರ್, ಎಂದರೆ ಈಗಿನ ಲೆಕ್ಕದಲ್ಲಿ ಸುಮಾರು 2 ಲೀಟರ್ ಅಳತೆ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರೆಯಾಗಲಿಲ್ಲ. ನಾಳೆಗೆ ಇರಲಿ ಎಂದು ಮಡಕೆಯಲ್ಲಿ ಮುಚ್ಚಿಟ್ಟವರ ಪಾಲಿಗೆ ಹುಳ ಬಿದ್ದು ನಾರಿತು. ಬಿಸಿಲೇರಿದರೆ ನೆಲದಲ್ಲಿದ್ದದ್ದು ಕರಗಿಹೋಗುತ್ತಿತ್ತು, ಆದ್ದರಿಂದ ಬೆಳಿಗ್ಗೆಯೇ ಹೋಗಬೇಕಾಗಿತ್ತು. ವಿಶ್ರಾಂತಿಯ ದಿನಕ್ಕಾಗಿ ಆರನೆಯ ದಿನ ಮಾತ್ರ ಎರಡರಷ್ಟು; ಉಳಿದಂತೆ ಇದೇ ನಿಯಮ ನಲವತ್ತು ವರ್ಷ ನಡೆಯಿತು.

ಓದುತ್ತಾ ಓದುತ್ತಾ ನನಗೆ ನನ್ನ ನೋಟುಪುಸ್ತಕ ಕಣ್ಣಿಗೆ ಬಂತು. ನಾನು ಮಾಡುತ್ತಿದ್ದದ್ದು ಮಡಕೆಯಲ್ಲಿ ಮುಚ್ಚಿಡುವ ಕೆಲಸವೇ ಆಗಿತ್ತು. ನೆನ್ನೆಯ ಹದಿನಾರು ಹೆಜ್ಜೆಗಳ ಸಂತೋಷವನ್ನು ಇವತ್ತಿಗೆ ಉಳಿಸಿಟ್ಟುಕೊಂಡು ಇವತ್ತಿನ ಹನ್ನೆರಡನ್ನು ಅದರ ಪಕ್ಕಕ್ಕೆ ಇಟ್ಟಾಗ ಹುಳ ಬೀಳದೆ ಇನ್ನೇನಾದೀತು? ಮನ್ನಕ್ಕೆ ನಕ್ಷೆ ಬರೆಯಲು ಬರುವುದಿಲ್ಲ. ನಲವತ್ತು ವರ್ಷಗಳಲ್ಲಿ ಅದರ ಗೆರೆ ಒಂದು ಓಮೆರಿನಿಂದ ಮೇಲಕ್ಕೂ ಏರಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಅದು ದಿನವೂ ಸೊನ್ನೆಯಿಂದ ಆರಂಭವಾಗಿ ದಿನವೂ ಅಷ್ಟಕ್ಕೇ ಮುಗಿಯಿತು. ಹಾಗೆಂದು ಅದು ಬಾಯಿಗೆ ಬಂದು ಬೀಳಲೂ ಇಲ್ಲ. ಗುಡಾರದ ಪರದೆ ಸರಿಸಿ, ಚಳಿಯಲ್ಲಿ ಹೊರಗೆ ಹೋಗಿ, ಬೆನ್ನು ಬಗ್ಗಿಸಿ ಕೂಡಿಸಿಕೊಳ್ಳಬೇಕಾಗಿತ್ತು. ಕೊಡುವುದು ಆತನ ಕೆಲಸ, ಬಗ್ಗುವುದು ನಮ್ಮದು. ‘ಒಳ್ಳೆಯ ಮನೋಭಾವವನ್ನು ಆರಿಸಿಕೊಳ್ಳುವುದು’ ಎಂದು ಜನರು ಹೇಳುವಾಗ ಅದನ್ನು ನಮ್ಮೊಳಗಿನಿಂದಲೇ ಹಿಂಡಿ ತೆಗೆಯಬೇಕು ಎಂಬ ಅರ್ಥ ಬರುತ್ತದೆ. ಹಿಂಡಲು ನನ್ನೊಳಗೆ ಏನೂ ಉಳಿದಿರಲಿಲ್ಲ. ಹೊರಗೆ ಬಿದ್ದಿರುವುದನ್ನು ಹೋಗಿ ಎತ್ತಿಕೊಳ್ಳುವಷ್ಟು ಶಕ್ತಿ ಮಾತ್ರ ಇತ್ತು.

ಅಂದಿನಿಂದ ಸತ್ಯವೇದದಲ್ಲಿ ಈ ‘ದಿನದಿನ’ದ ಲೆಕ್ಕ ಎಲ್ಲೆಲ್ಲಿದೆ ಎಂದು ಹುಡುಕುವ ಒಂದು ಚಟವೇ ಹತ್ತಿತು. ಶಿಲುಬೆಯನ್ನು ಹೊತ್ತುಕೊಂಡು ನನ್ನ ಹಿಂದೆ ಬಾ ಎಂಬ ಯೇಸುವಿನ ಮಾತನ್ನು ಮತ್ತಾಯ, ಮಾರ್ಕ, ಲೂಕ ಮೂವರೂ ಬರೆದಿದ್ದಾರೆ. ಆದರೆ ಅದರಲ್ಲಿ ‘ದಿನಾಲೂ’ ಎಂಬ ಪದವಿರುವುದು ಲೂಕನ 9ನೆಯ ಅಧ್ಯಾಯದಲ್ಲಿ ಮಾತ್ರ. ಒಮ್ಮೆ ಹೊತ್ತು ಮುಗಿಸುವ ಭಾರವಲ್ಲ ಅದು, ರಾತ್ರಿ ಇಳಿಸಿಟ್ಟು ಬೆಳಿಗ್ಗೆ ಮತ್ತೆ ಎತ್ತಿಕೊಳ್ಳುವಂಥದ್ದು ಎಂಬುದನ್ನು ಲೂಕನೊಬ್ಬ ಬಿಡಿಸಿ ಬರೆದ. ರೋಗಿಗಳ ಮನೆಯ ದಿನಚರಿಯನ್ನು ಕಂಡ ವೈದ್ಯನಾಗಿದ್ದುದರಿಂದಲೋ ಏನೋ ಎಂದು ನನಗೆ ಅನ್ನಿಸುವುದುಂಟು. ಯೆರೂಸಲೇಮು ಹಾಳಾದ ಮೇಲೆ ಗೋಳಾಡುವ ಪ್ರಲಾಪಗಳು ಎಂಬ ಪುಸ್ತಕದ ನಟ್ಟನಡುವೆ, ದೇವರ ಕೃಪೆ ದಿನದಿನವೂ ಹೊಸದಾಗಿ ಒದಗುತ್ತದೆ ಎಂಬ ಮಾತಿದೆ. ಸುತ್ತಲೂ ಸುಟ್ಟ ಊರು, ನಡುವೆ ಆ ಒಂದು ಸಾಲು.

ಇನ್ನು ಯೇಸುವಿನ ಬೆಟ್ಟದ ಪ್ರಸಂಗದ ನಡುವೆ ಬರುವ ನಾಳಿನ ಚಿಂತೆಯ ಮಾತು. ನಮ್ಮ ಹಳೆಯ ಸತ್ಯವೇದದಲ್ಲಿ ಅದು ‘ಆ ಹೊತ್ತಿಗೆ ಆ ಹೊತ್ತಿನ ಕಾಟ ಸಾಕು’ ಎಂದಿದೆ. ‘ಕಾಟ’ ಎಂಬ ಪದವನ್ನು ಅಲ್ಲಿಟ್ಟ ಭಾಷಾಂತರಕಾರರು ಯಾರೋ, ಅವರಿಗೆ ನನ್ನ ನಮಸ್ಕಾರ. ಕಷ್ಟ, ಸಂಕಟ, ಶ್ರಮೆ ಎಂದಿದ್ದರೆ ಅದು ಗಂಭೀರವಾಗಿ, ದೂರವಾಗಿ ಉಳಿದುಬಿಡುತ್ತಿತ್ತು. ಕಾಟವೆಂದರೆ ಸೊಳ್ಳೆಯ ಕಾಟ, ಸಾಲಗಾರರ ಕಾಟ, ಮಂಗಗಳ ಕಾಟ. ಬೆಡ್‌ಪ್ಯಾನ್, ಒದ್ದೆಯಾದ ಹಾಸಿಗೆ, ಗಂಟೆಗೊಂದು ಮಾತ್ರೆ, ಎದ್ದು ಹೋಗುವಷ್ಟರಲ್ಲಿ ನಿಂತುಹೋಗುವ ನಲ್ಲಿಯ ನೀರು, ಪುಣೆಯಿಂದ ಮಗನ ಫೋನು ಬಂದಾಗ ನಗುತ್ತಲೇ ಮಾತಾಡಬೇಕಾದ ಶಿಸ್ತು, ಇವೆಲ್ಲ ಕಾಟವೇ. ಯೇಸು ಇದು ಕಾಟವಲ್ಲ, ಆಶೀರ್ವಾದವೆಂದು ತಿಳಿದುಕೋ ಎನ್ನಲಿಲ್ಲ. ಕಾಟವಿದೆ ಎಂದು ಒಪ್ಪಿಕೊಂಡೇ, ಅದರ ಅಳತೆಯನ್ನು ಒಂದು ದಿನಕ್ಕೆ ಕತ್ತರಿಸಿ ಕೊಟ್ಟ.

ಹಾಗಾದರೆ ಬೆಳಿಗ್ಗೆ ಎದ್ದು ನಾನು ಆರಿಸಿಕೊಳ್ಳುವುದು ಏನನ್ನು? ಸಂತೋಷವನ್ನಂತೂ ಅಲ್ಲ, ಅದು ಕರೆದರೆ ಬರುವ ನಾಯಿಯಲ್ಲ. ನಾನು ಆರಿಸಿಕೊಳ್ಳುವುದು ಒಂದು ಕ್ರಮವನ್ನು. ಫೋನನ್ನು ಮುಟ್ಟುವುದಕ್ಕೆ ಮೊದಲು ಹಿತ್ತಲ ಬಾಗಿಲು ತೆರೆದು ಕಲ್ಲಿನ ಮೇಲೆ ಐದು ನಿಮಿಷ ಕುಳಿತು ಮೊದಲು ನಿಜವನ್ನು ಹೇಳುತ್ತೇನೆ. ‘ಕರ್ತನೇ, ರಾತ್ರಿ ಮೂರು ಸಲ ಎದ್ದಿದ್ದೇನೆ. ಸೊಂಟ ಹಿಡಿದುಕೊಂಡಿದೆ. ಇವರ ಮೇಲೆ ನನಗೆ ಸಿಟ್ಟು ಬಂದಿದೆ, ಇವರದು ತಪ್ಪಿಲ್ಲವೆಂದು ಗೊತ್ತಿದ್ದೇ ಬಂದಿದೆ.’ ಹೀಗೆ ಹೇಳುವುದು ಅವಿಶ್ವಾಸವೆಂದು ಭಾವಿಸುವವರು ಕೀರ್ತನೆಗಳನ್ನು ಪೂರ್ತಿ ಓದಿರಲಾರರು. 42ನೆಯ ಕೀರ್ತನೆಯಲ್ಲಿ ಭಕ್ತನು ತನ್ನ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಯಾಕೆ ಕುಗ್ಗಿದ್ದೀ ಎಂದು ಕೇಳುತ್ತಾನೆ. 88ನೆಯದಂತೂ ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲನ್ನೂ ಕೊನೆಗೆ ಸೇರಿಸದೆ. ಅದನ್ನೂ ದೇವರ ವಾಕ್ಯವೆಂದು ಕಟ್ಟಿಟ್ಟುಕೊಂಡ ಜನರ ಧೈರ್ಯವನ್ನು ಮೆಚ್ಚಬೇಕು.

ನಿಜ ಹೇಳಿಯಾದ ಮೇಲೆ ಸ್ತೋತ್ರ. ಅದಕ್ಕೆ ನಾನೊಂದು ನಿಯಮ ಹಾಕಿಕೊಂಡಿದ್ದೇನೆ: ಆರೋಗ್ಯ, ಕುಟುಂಬ, ರಕ್ಷಣೆ ಎಂದು ಸಗಟಾಗಿ ಸ್ತೋತ್ರ ಹೇಳುವಂತಿಲ್ಲ, ಕಳೆದ ಇಪ್ಪತ್ನಾಲ್ಕು ಗಂಟೆಗಳ ಒಳಗಿನ ಒಂದು ವಸ್ತುವನ್ನು ಹೆಸರು ಹಿಡಿದು ಹೇಳಬೇಕು. ರಾತ್ರಿ ಕರೆಂಟು ಹೋಗಲಿಲ್ಲ. ಎದುರುಮನೆಯವರು ಕಳುಹಿಸಿದ ಜೋಳದ ರೊಟ್ಟಿ ಇನ್ನೂ ಮೆತ್ತಗಿತ್ತು. ನೆನ್ನೆ ಸಂಜೆ ಅಂಬಲಿ ಕುಡಿಸುವಾಗ ಅವರು ಎಡಗೈಯಿಂದ ಚಮಚವನ್ನು ನನ್ನ ಬಾಯಿಯ ಕಡೆಗೆ ತಿರುಗಿಸಿದರು. ನಾನು ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲವೆಂಬುದನ್ನು ಅವರು ಗಮನಿಸಿದ್ದರು. ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎಂದು ಪೌಲನು ಥೆಸಲೋನಿಕದವರಿಗೆ ಬರೆದನು. ಎಲ್ಲದರಲ್ಲಿ ಎಂದನೇ ಹೊರತು ಎಲ್ಲದಕ್ಕಾಗಿ ಎನ್ನಲಿಲ್ಲ. ಲಕ್ವಕ್ಕಾಗಿ ನಾನು ಸ್ತೋತ್ರ ಹೇಳಿಲ್ಲ, ಹೇಳುವುದೂ ಇಲ್ಲ.

ಪೌಲನ ವಿಷಯ ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಯಾವಾಗಲೂ ಸಂತೋಷಿಸಿರಿ ಎಂಬ ಮಾತಿರುವ ಫಿಲಿಪ್ಪಿಯವರ ಪತ್ರವನ್ನು ಅವನು ಬರೆದದ್ದು ಬೇಡಿಗಳಲ್ಲಿದ್ದಾಗ ಎಂಬುದನ್ನು ಎಲ್ಲ ಪ್ರಸಂಗಗಳಲ್ಲಿಯೂ ಕೇಳಿದ್ದೇವೆ. ನನ್ನ ಮನಸ್ಸು ನಿಲ್ಲುವುದು ಅದನ್ನು ಓದಿಸಿಕೊಂಡವರ ಮೇಲೆ. ಫಿಲಿಪ್ಪಿ ಪಟ್ಟಣದಲ್ಲಿಯೇ ಹಿಂದೊಮ್ಮೆ ಪೌಲ ಮತ್ತು ಸೀಲರನ್ನು ಹೊಡೆದು, ಕಾಲುಗಳಿಗೆ ಕೋಳ ತೊಡಿಸಿ ಒಳಗಣ ಸೆರೆಮನೆಗೆ ನೂಕಿದ್ದರು. ನಡುರಾತ್ರಿಯಲ್ಲಿ ಅವರಿಬ್ಬರೂ ಹಾಡುತ್ತಿದ್ದುದನ್ನು ಉಳಿದ ಕೈದಿಗಳು ಕೇಳಿದರು. ಅದೇ ರಾತ್ರಿ ಸೆರೆಯ ಯಜಮಾನನು ಅವರ ಗಾಯಗಳನ್ನು ತೊಳೆದು ಮನೆಯವರೊಂದಿಗೆ ದೀಕ್ಷಾಸ್ನಾನ ಪಡೆದನು ಎಂದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ಹೇಳುತ್ತದೆ. ಪತ್ರವನ್ನು ಸಭೆಯಲ್ಲಿ ಓದಿದ ದಿನ ಆ ಯಜಮಾನನೂ ಅಲ್ಲಿ ಕುಳಿತಿದ್ದಿರಬಹುದು. ‘ಸಂತೋಷಿಸಿರಿ’ ಎಂಬ ಪದ ಅವನಿಗೆ ಗೋಡೆಗೆ ತೂಗುಹಾಕುವ ವಚನವಾಗಿ ಕೇಳಿಸಿರಲಾರದು, ತನ್ನ ಕೈಯಿಂದ ತೊಳೆದ ಬೆನ್ನಿನ ಬಾಸುಂಡೆಗಳು ನೆನಪಾಗಿರಬೇಕು. ಅದೇ ಪತ್ರದಲ್ಲಿ ಪೌಲನು, ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರುವುದನ್ನು ‘ಕಲಿತುಕೊಂಡಿದ್ದೇನೆ’ ಎನ್ನುತ್ತಾನೆ. ಅವನಿಗೂ ಅದು ಹುಟ್ಟಿನಿಂದ ಬಂದದ್ದಲ್ಲ, ಒಂದೇ ರಾತ್ರಿಯಲ್ಲಿ ಸಿಕ್ಕಿದ್ದೂ ಅಲ್ಲ. ಶಿಕ್ಷಕಿಯಾದ ನನಗೆ ಆ ಕ್ರಿಯಾಪದದ ಮೇಲೆ ಪ್ರೀತಿ.

ಜರ್ಮನಿಯ ಐಲೆನ್‌ಬುರ್ಗ್ ಎಂಬ ಊರಿನ ಸಭಾಪಾಲಕ ಮಾರ್ಟಿನ್ ರಿಂಕಾರ್ಟನ ಕಥೆಯನ್ನು ನಮ್ಮ ಅಯ್ಯನವರೊಬ್ಬರು ಬಹಳ ಹಿಂದೆ ಕೊಯರ್‌ನವರಿಗೆ ಹೇಳಿದ್ದರಂತೆ. ಮಾತಿದ್ದಾಗ ಇವರು ಅದನ್ನು ಮೇಲಿಂದ ಮೇಲೆ ಹೇಳುತ್ತಿದ್ದರು. ಮೂವತ್ತು ವರ್ಷಗಳ ಯುದ್ಧದ ಕಾಲ. 1637ರಲ್ಲಿ ನಿರಾಶ್ರಿತರಿಂದ ತುಂಬಿದ ಆ ಕೋಟೆಯ ಊರಿಗೆ ಪಿಡುಗು ಬಂದು, ಉಳಿದ ಪಾದ್ರಿಗಳು ಸತ್ತೋ ಊರು ಬಿಟ್ಟೋ ಹೋಗಿ, 4000ಕ್ಕೂ ಹೆಚ್ಚು ಜನರ ಅಂತ್ಯಕ್ರಿಯೆ ರಿಂಕಾರ್ಟನ ಪಾಲಿಗೆ ಬಂತು. ಆ ಹೆಣಗಳಲ್ಲಿ ಒಂದು ಅವನ ಹೆಂಡತಿಯದು. ಜರ್ಮನಿಯ ಸಭೆಗಳು ಇಂದಿಗೂ ಹಾಡುವ ದೊಡ್ಡ ಕೃತಜ್ಞತಾಗೀತೆಯನ್ನು ಬರೆದವನು ಅವನೇ, ಆ ಯುದ್ಧದ ವರ್ಷಗಳಲ್ಲಿಯೇ, ಮತ್ತು ಅದನ್ನು ಬರೆದದ್ದು ಮನೆಯವರು ಊಟದ ಮೇಜಿನಲ್ಲಿ ಹೇಳಿಕೊಳ್ಳುವ ಪ್ರಾರ್ಥನೆಯಾಗಿ. ಊಟದ ಪ್ರಾರ್ಥನೆ ಎಂಬುದೇ ನನಗೆ ಮುಖ್ಯವೆನ್ನಿಸುತ್ತದೆ. ಅದರ ಅಳತೆಯೂ ಒಂದು ಹೊತ್ತಿನದೇ.

ಇದನ್ನೆಲ್ಲ ಬರೆಯುತ್ತಿರುವವಳು ದಿನವೂ ಸಾಧಿಸಿದ್ದಾಳೆಂದು ತಿಳಿಯಬೇಡಿ. ಕಳೆದ ತಿಂಗಳು ಒಂದು ದಿನ, ಹಿತ್ತಲ ಕಲ್ಲಿನ ಮೇಲೆ ಕುಳಿತು ಎಲ್ಲವನ್ನೂ ಕ್ರಮವಾಗಿ ಹೇಳಿ ಒಳಗೆ ಬಂದು ಅರ್ಧ ಗಂಟೆಯಾಗಿರಲಿಲ್ಲ, ಅವರ ಎಡಗೈ ತಾಗಿ ಉಪ್ಪಿಟ್ಟಿನ ತಟ್ಟೆ ಹೊಸದಾಗಿ ಹಾಸಿದ ಹಾಸಿಗೆಯ ಮೇಲೆ ಬಿತ್ತು. ನಾನು ಕೂಗಿದೆ. ಏನೆಂದು ಕೂಗಿದೆನೋ ಅದನ್ನಿಲ್ಲಿ ಬರೆಯಲಾರೆ. ಕೈಯಲ್ಲಿದ್ದ ಚಮಚವನ್ನು ಗೋಡೆಗೆ ಎಸೆದೆ. ಸುಣ್ಣದ ಮೇಲೆ ಎಣ್ಣೆಯ ಕಲೆ ಈಗಲೂ ಇದೆ. ಅವರು ಮಾತಿಲ್ಲದವರು, ತಿರುಗಿ ಬೈಯಲೂ ಆಗದವರು, ಕಣ್ಣು ಮುಚ್ಚಿಕೊಂಡರು. ನಾನು ಅಡುಗೆಮನೆಗೆ ಹೋಗಿ ನೆಲದ ಮೇಲೆ ಕುಳಿತು, ಇವತ್ತಿನ ದಿನ ಕೆಟ್ಟಿತು, ನಾಳೆ ನೋಡೋಣ ಎಂದುಕೊಂಡೆ. ಅದೂ ಒಂದು ಬಗೆಯ ಜಾಣತನವೇ: ಒಂದು ತಟ್ಟೆ ಉಪ್ಪಿಟ್ಟಿಗಾಗಿ ಇಡೀ ದಿನವನ್ನು ಬಿಟ್ಟುಕೊಡುವ ಜಾಣತನ. ಹನ್ನೊಂದು ಗಂಟೆಯ ಹೊತ್ತಿಗೆ ಎದ್ದು ಹೋಗಿ ‘ತಪ್ಪಾಯಿತುರೀ’ ಎಂದೆ. ಅವರು ಕಣ್ಣು ತೆರೆಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಬಿಸಿಲೇರಿದ ಮೇಲೆ ಮನ್ನ ಕರಗುತ್ತದೆ ಎಂಬುದು ನಿಜವಿರಬಹುದು. ಆ ದಿನ ಹನ್ನೊಂದು ಗಂಟೆಗೂ ನೆಲದಲ್ಲಿ ಸ್ವಲ್ಪ ಉಳಿದಿತ್ತು.

ಆ ಘಟನೆಯ ನಂತರ ನಾನು ವೈದ್ಯರ ಬಳಿಗೆ ಹೋದೆ, ಅವರಿಗಾಗಿ ಅಲ್ಲ, ನನಗಾಗಿ. ನಿದ್ರೆಯಿಲ್ಲದ ಮೂರು ವರ್ಷಗಳ ಲೆಕ್ಕ ಕೇಳಿ ಅವರು ಮಾತ್ರೆ ಬರೆದುಕೊಟ್ಟರು, ವಾರಕ್ಕೆ ಮೂರು ರಾತ್ರಿಯಾದರೂ ಬೇರೆಯವರನ್ನು ಇಟ್ಟುಕೊಳ್ಳಿ ಎಂದರು. ನಂಬಿಕೆಯುಳ್ಳವರಿಗೆ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ ಎಲೀಯನನ್ನು ತೋರಿಸುತ್ತೇನೆ. ಒಂದನೆಯ ಅರಸುಗಳ 19ನೆಯ ಅಧ್ಯಾಯದಲ್ಲಿ ಆ ಪ್ರವಾದಿ ಗಿಡದ ಕೆಳಗೆ ಕುಳಿತು ಸಾಕಪ್ಪಾ, ಪ್ರಾಣ ತೆಗೆದುಬಿಡು ಎಂದಾಗ, ದೇವದೂತನು ಅವನಿಗೆ ಪ್ರಸಂಗ ಮಾಡಲಿಲ್ಲ. ಮಲಗಿದವನನ್ನು ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟು, ಮತ್ತೆ ಮಲಗಲು ಬಿಟ್ಟನು. ಹಾಗೆ ಎರಡು ಸಲ. ಈಗ ವಾರದಲ್ಲಿ ಮೂರು ರಾತ್ರಿ ಒಬ್ಬ ಹುಡುಗ ಬಂದು ಮಲಗುತ್ತಾನೆ, ನಾನು ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿದ್ರಿಸುತ್ತೇನೆ. ನೋಟುಪುಸ್ತಕವನ್ನು ನಾನು ಸುಟ್ಟುಹಾಕಲಿಲ್ಲ. ಫಿಸಿಯೋಥೆರಪಿಯ ಹುಡುಗನಿಗೆ ಕೊಟ್ಟಿದ್ದೇನೆ. ಆ ಅಂಕಿಗಳಿಂದ ಅವನಿಗೆ ಕೆಲಸವಿದೆ, ನನಗಿಲ್ಲ.

ಇವತ್ತು ಬೆಳಿಗ್ಗೆ ಜಿಟಿಜಿಟಿ ಮಳೆ, ಕರೆಂಟೂ ಇರಲಿಲ್ಲ. ಹಾಲನ್ನು ಒಲೆಯ ಮೇಲಿಟ್ಟು ಬಂದು ಕತ್ತಲೆಯಲ್ಲಿಯೇ ಅವರ ಪಕ್ಕದಲ್ಲಿ ಕುಳಿತು ಆರಂಭಿಸಿದೆ. ‘ನಮ್ಮ ಅನುದಿನದ ಆಹಾರವನ್ನು’ ಎಂಬಲ್ಲಿಗೆ ಬಂದಾಗ ಅವರು ನಿಂತುಬಿಟ್ಟರು. ಹಾಗೆಂದೂ ಆಗಿರಲಿಲ್ಲ. ಇದೂ ಹೋಯಿತೇ ಎಂದು ಎದೆ ಝಲ್ಲೆಂದಿತು. ‘ಈ ಹೊತ್ತು’ ಎಂದು ನಾನೇ ಎತ್ತಿಕೊಟ್ಟೆ. ಅವರು ತಲೆಯಾಡಿಸಿ ಎಡಗೈಯನ್ನು ಅಡುಗೆಮನೆಯ ಕಡೆಗೆ ಚಾಚಿದರು. ಆಗ ನನ್ನ ಮೂಗಿಗೂ ಬಂತು, ಸೀದ ಹಾಲಿನ ವಾಸನೆ. ಓಡಿಹೋಗಿ ನೋಡಿದರೆ ಒಲೆಯ ತುಂಬ ಹಾಲು, ಪಾತ್ರೆಯ ತಳ ಕಪ್ಪು. ಗ್ಯಾಸ್ ಆರಿಸಿ, ಬಟ್ಟೆಯಿಂದ ಒರೆಸಿ, ಕೈ ತೊಳೆದುಕೊಂಡು ನಾನು ಮರಳಿ ಬರುವವರೆಗೆ ಅವರು ಆ ವಾಕ್ಯವನ್ನು ನಡುವಿನಲ್ಲಿಯೇ ಹಿಡಿದುಕೊಂಡು ಕಾದಿದ್ದರು. ನಾನು ಕುಳಿತೊಡನೆ, ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ, “ಈ ಹೊತ್ತು ನಮಗೆ ದಯಪಾಲಿಸು” ಎಂದರು.

ಉಳಿದ ಹಾಲಿನಲ್ಲಿ ಒಂದೇ ಲೋಟ ಚಹಾ ಆಯಿತು. ಇಬ್ಬರೂ ಅರ್ಧರ್ಧ ಕುಡಿದೆವು.